ಮೂತ್ರನಾಳದ ದೊಡ್ಡ ಕಲ್ಲು

ನಡುರಾತ್ರಿ ಕಳೆದ ಮೇಲಿನ ಜಾವವನ್ನು ನಮ್ಮ ಹಿರಿಯರು ‘ಕಲ್ಲು ನೀರು ಕರಗುವ ಹೊತ್ತು’ ಎಂದು ಕರೆದರು. ಆ ಹೊತ್ತಿನಲ್ಲಿ ಬೆಟ್ಟದ ಕಲ್ಲು ಕರಗುವುದೋ ಇಲ್ಲವೋ ನಾನರಿಯೆ. ಮನುಷ್ಯನ ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲಂತೂ ಅನೇಕ ವೇಳೆ ಆಗಲೇ ಕೆರಳುತ್ತದೆ. ನಿಮ್ಮ ಮನೆಯಲ್ಲಿಯಾಗಲಿ ನೆರೆಮನೆಯಲ್ಲಿಯಾಗಲಿ ಈ ನೋವನ್ನು ಉಂಡವರು ಇದ್ದೇ ಇರುತ್ತಾರೆ. ಬೆನ್ನಿನ ಒಂದು ಪಕ್ಕದಲ್ಲಿ, ಪಕ್ಕೆಲುಬಿನ ಕೆಳಗೆ ಹುಟ್ಟಿ, ಹೊಟ್ಟೆಯನ್ನು ಬಳಸಿಕೊಂಡು ತೊಡೆಯ ಸಂದಿಗೆ ಇಳಿಯುವ ನೋವು ಅದು. ಕುಳಿತರೆ ನಿಲ್ಲಬೇಕೆನ್ನಿಸುತ್ತದೆ, ನಿಂತರೆ ಮಲಗಬೇಕೆನ್ನಿಸುತ್ತದೆ. ಮಲಗಿದರೆ ಹೊರಳಾಟವಲ್ಲದೆ ಬೇರೆ ಗತಿಯಿಲ್ಲ. ಹೆತ್ತ ತಾಯಂದಿರು ಕೂಡ ಇದನ್ನು ಹೆರಿಗೆಯ ನೋವಿನ ಪಕ್ಕದಲ್ಲಿಟ್ಟು ಮಾತನಾಡುವುದನ್ನು ಕೇಳಿದ್ದೇನೆ.

ಆದರೆ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ನೋವಿನ ಮಾತನ್ನಲ್ಲ. ನೋವು ಎಷ್ಟೇ ಭೀಕರವಾದರೂ ಅದು ಕಾವಲುನಾಯಿಯ ಬೊಗಳುವಿಕೆಯಂತೆ. ನಮ್ಮನ್ನು ಎಬ್ಬಿಸಿ ವೈದ್ಯರ ಮನೆಗೆ ಅಟ್ಟುತ್ತದೆ. ಹೆದರಬೇಕಾದುದು ಆ ನಾಯಿ ಸುಮ್ಮನಾದಾಗ. ದೊಡ್ಡ ಕಲ್ಲು ನಾಳದಲ್ಲಿ ಕುಳಿತಿದ್ದೂ ನೋವು ನಿಂತುಹೋದರೆ ಏನಾಗುತ್ತದೆ, ಅದನ್ನು ಒಡಲು ಸೀಳದೆ ಇಂದು ಹೇಗೆ ತೆಗೆಯುತ್ತಾರೆ ಎಂಬುದೇ ಇಲ್ಲಿಯ ವಿಷಯ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ‘ಮೂತ್ರನಾಳ’ ಎಂಬ ಒಂದೇ ಮಾತನ್ನು ಎರಡು ಬೇರೆ ಬೇರೆ ಅಂಗಗಳಿಗೆ ಬಳಸುತ್ತಿದ್ದೇವೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಒಂದು. ಮೂತ್ರಕೋಶದಿಂದ ಹೊರಕ್ಕೆ ಹೋಗುವ ದಾರಿ ಇನ್ನೊಂದು. ಈ ಲೇಖನದಲ್ಲಿ ಮೊದಲನೆಯದನ್ನು ಮಾತ್ರ ಮೂತ್ರನಾಳವೆಂದೂ ಎರಡನೆಯದನ್ನು ಮೂತ್ರಮಾರ್ಗವೆಂದೂ ಕರೆಯುತ್ತೇನೆ. ಪ್ರಾಚೀನರಿಗೆ ಈ ತೊಡಕು ಇರಲಿಲ್ಲವೆಂದು ತೋರುತ್ತದೆ. ಅಥರ್ವವೇದದಲ್ಲಿ ‘ಗವೀನೀ’ ಎಂಬ ಒಂದು ಶಬ್ದ ಬರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿ ವೇದಭಾಷ್ಯವನ್ನು ಬರೆದ ಸಾಯಣಾಚಾರ್ಯರು, ಇದು ದೇಹದ ಎರಡು ಪಕ್ಕಗಳಲ್ಲಿದ್ದು ಮೂತ್ರವನ್ನು ಮೂತ್ರಾಶಯಕ್ಕೆ ಮುಟ್ಟಿಸುವ ನಾಡಿಗಳ ಹೆಸರೆಂದು ಅರ್ಥ ಹೇಳಿದ್ದಾರೆ. ಮೂತ್ರ ಕರುಳಿನಿಂದ ಬರುತ್ತದೆಂದು ಅವರು ತಿಳಿದಿದ್ದರು, ಅದು ತಪ್ಪು. ಆದರೆ ನಾಡಿಗಳು ಎರಡು, ಅವು ಇಕ್ಕೆಲಗಳಲ್ಲಿವೆ, ಮೂತ್ರಾಶಯಕ್ಕೆ ಹೋಗಿ ಸೇರುತ್ತವೆ ಎಂಬ ಮೂರು ಮಾತೂ ಸರಿ. ಇಷ್ಟು ಚೊಕ್ಕವಾದ ಶಬ್ದವನ್ನು ನಾವು ಯಾಕೆ ಬಳಕೆಗೆ ತರಲಿಲ್ಲವೋ ಕಾಣೆ.

ಈ ನಾಳದ ಉದ್ದ 25ರಿಂದ 30 ಸೆಂಟಿಮೀಟರು. ಒಳಗಿನ ಕಂಡಿ 3–4 ಮಿಲಿಮೀಟರು ಮಾತ್ರ. ನಲ್ಲಿಯ ಕೊಳವೆಯಂತೆ ಅದು ಜಡವಾದ ವಸ್ತುವಲ್ಲ. ಎರೆಹುಳು ಮೈಯನ್ನು ಕುಗ್ಗಿಸಿ ಹಿಗ್ಗಿಸಿ ಮುಂದೆ ಸರಿಯುವಂತೆ, ನಾಳದ ಗೋಡೆ ನಿಮಿಷಕ್ಕೆ ಕೆಲವು ಸಲ ಅಲೆಯಲೆಯಾಗಿ ಸಂಕೋಚಗೊಂಡು ಮೂತ್ರವನ್ನು ಗುಟುಕು ಗುಟುಕಾಗಿ ಕೆಳಕ್ಕೆ ದೂಡುತ್ತದೆ. ದಾರಿಯಲ್ಲಿ ಮೂರು ಇಕ್ಕಟ್ಟುಗಳುಂಟು: ಮೂತ್ರಪಿಂಡದಿಂದ ಹೊರಡುವಲ್ಲಿ ಒಂದು, ಸೊಂಟದ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ ಇನ್ನೊಂದು, ಮೂತ್ರಕೋಶದ ಗೋಡೆಯನ್ನು ಹೊಗುವಲ್ಲಿ ಮತ್ತೊಂದು. ಈ ಕೊನೆಯದೇ ಎಲ್ಲಕ್ಕಿಂತ ಕಿರಿದು. ಪಿಂಡದಲ್ಲಿ ಹರಳುಗಟ್ಟಿದ ಕಲ್ಲು ಜಾರಿ ನಾಳಕ್ಕೆ ಇಳಿದರೆ ಸಾಮಾನ್ಯವಾಗಿ ಈ ಮೂರರಲ್ಲೊಂದು ಕಡೆ ತಡೆಯುತ್ತದೆ. ಕಲ್ಲು 5 ಮಿಲಿಮೀಟರಿಗಿಂತ ಚಿಕ್ಕದಾದರೆ ಬಹುಪಾಲು ತಾನಾಗಿಯೇ ಹೊರಬೀಳುತ್ತದೆ. 5ರಿಂದ 10ರವರೆಗಿನದಕ್ಕೆ, ನಾಳವನ್ನು ಸಡಿಲಿಸುವ ಮಾತ್ರೆಗಳನ್ನು ಕೊಟ್ಟು ವೈದ್ಯರು ಕೆಲವು ವಾರ ಕಾಯುವುದುಂಟು. 10 ಮಿಲಿಮೀಟರನ್ನು ಮೀರಿತೋ, ಅದು ತಾನೇ ಇಳಿದೀತೆಂಬ ಆಸೆಯನ್ನು ಬಿಡುವುದು ಒಳ್ಳೆಯದು. ನೆನೆಸಿದ ಕಡಲೆಕಾಳು ಭತ್ತದ ಹುಲ್ಲಿನ ಕೊಳವೆಯಲ್ಲಿ ಇಳಿದೀತೆ?

ನಮ್ಮ ಶಾಲೆಯ ಗಣಿತದ ಮೇಷ್ಟರು ಆ ಆಸೆಯನ್ನು ಬಿಡಲಿಲ್ಲ. ಒಂದು ಮಾಘಮಾಸದ ರಾತ್ರಿ ಅವರಿಗೆ ಎಡಗಡೆ ನೋವು ಕಾಣಿಸಿತು. ಹತ್ತಿರದ ದವಾಖಾನೆಯಲ್ಲಿ ಸೂಜಿಮದ್ದು ಕೊಟ್ಟು ಕಳುಹಿಸಿದರು. ಆಮೇಲೆ ಹನ್ನೆರಡು ದಿನ ಬಾಳೆದಿಂಡಿನ ರಸ, ಹುರುಳಿಯ ಕಟ್ಟು. ಹದಿಮೂರನೆಯ ದಿನ ನೋವಿಲ್ಲ. “ಪಂಡಿತರೇ, ಕಲ್ಲು ಕರಗಿತು” ಎಂದು ಉಪಾಧ್ಯಾಯರ ಕೊಠಡಿಯಲ್ಲಿ ನನ್ನ ಬೆನ್ನು ತಟ್ಟಿ ಹೇಳಿದರು. ನಾನೂ ಸಂತೋಷಪಟ್ಟೆ. ವರ್ಷ ಕಳೆದ ಮೇಲೆ ರಕ್ತದ ಒತ್ತಡಕ್ಕೆಂದು ಪರೀಕ್ಷೆ ಮಾಡಿಸಿದಾಗ ಎಡದ ಮೂತ್ರಪಿಂಡ ನೀರು ತುಂಬಿದ ಚೀಲದಂತೆ ಊದಿರುವುದು ಕಂಡಿತು. ನಾಳದ ಮೇಲ್ಭಾಗದಲ್ಲಿ 18 ಮಿಲಿಮೀಟರಿನ ಕಲ್ಲು, ಹುಣಿಸೆಬೀಜದಷ್ಟು, ಗೋಡೆಗೆ ಕಚ್ಚಿ ಕುಳಿತಿತ್ತು. ಎರಡು ಪಿಂಡಗಳೂ ಸೇರಿ ಮಾಡುವ ಕೆಲಸವನ್ನು 100 ಎಂದಿಟ್ಟುಕೊಂಡರೆ ಎಡದ್ದು ಸುಮಾರು 50 ಮಾಡಬೇಕಷ್ಟೆ. ಅವರದು ಮಾಡುತ್ತಿದ್ದುದು 28. ಲೆಕ್ಕದ ಮೇಷ್ಟರಿಗೆ ಆ ಸಂಖ್ಯೆಯನ್ನು ಯಾರೂ ವಿವರಿಸಬೇಕಾಗಲಿಲ್ಲ.

ನೋವು ಹೋದದ್ದೇಕೆ? ನಾಳ ಹಠಾತ್ತನೆ ಕಟ್ಟಿದಾಗ ಮೇಲಿನ ಮೂತ್ರ ಒತ್ತಡವನ್ನು ಏರಿಸುತ್ತದೆ. ಪಿಂಡದ ಹೊದಿಕೆ ಬಿಗಿಯುತ್ತದೆ. ನೋವು ಬರುವುದು ಆ ಬಿಗಿತದಿಂದ. ತಡೆ ಹಾಗೆಯೇ ಉಳಿದರೆ ಪಿಂಡಕ್ಕೆ ಬರುವ ರಕ್ತ ಕಡಮೆಯಾಗುತ್ತದೆ, ಸೋಸುವ ಕೆಲಸ ಇಳಿಯುತ್ತದೆ, ಆದ್ದರಿಂದ ಒತ್ತಡವೂ ಇಳಿಯುತ್ತದೆ. ನೋವು ಮಾಯ. ಇತ್ತ ಇನ್ನೊಂದು ಪಿಂಡ ಸದ್ದಿಲ್ಲದೆ ಹೆಚ್ಚಿನ ಹೊರೆಯನ್ನು ಹೊತ್ತುಕೊಳ್ಳುವುದರಿಂದ ಮೂತ್ರದ ಪ್ರಮಾಣದಲ್ಲಿಯೂ ಕೊರತೆ ಕಾಣದು. ರೋಗಿಗೆ ವಾಸಿಯಾದಂತೆಯೇ ತೋರುತ್ತದೆ. ತಡೆ ಪೂರ್ಣವಾಗಿದ್ದರೆ ಕೆಲವು ವಾರಗಳಲ್ಲಿಯೇ ಮರಳಿ ಬಾರದ ನಷ್ಟ ತೊಡಗುತ್ತದೆ. ಅರೆತಡೆಯಾದರೆ ತಿಂಗಳುಗಟ್ಟಲೆ ಎಳೆಯುತ್ತದೆ.

ಹುರುಳಿಯನ್ನೂ ಬಾಳೆದಿಂಡನ್ನೂ ಹಳಿಯುವುದು ನನ್ನ ಉದ್ದೇಶವಲ್ಲ. ಎರಡೂ ನಮ್ಮ ಮನೆಯ ಅಡುಗೆಯಲ್ಲಿ ಇವೆ. ಆದರೆ ಮನುಷ್ಯರಲ್ಲಿ ಹೆಚ್ಚಾಗಿ ಕಾಣುವುದು ಸುಣ್ಣದ ಅಂಶವುಳ್ಳ ಆಕ್ಸಲೇಟ್ ಕಲ್ಲು. ಅದು ಯಾವ ರಸಕ್ಕೂ ಕರಗದು. ಯೂರಿಕ್ ಆಮ್ಲದ ಕಲ್ಲನ್ನು ಮಾತ್ರ, ಮೂತ್ರದ ಹುಳಿಯನ್ನು ಮುರಿಯುವ ಔಷಧಗಳಿಂದ ಕರಗಿಸಬಹುದು. ನೋವು ನಿಂತ ಮೇಲೆ ಕಲ್ಲು ನಿಜವಾಗಿ ಹೋಯಿತೆ ಎಂದು ಇನ್ನೊಮ್ಮೆ ಚಿತ್ರ ತೆಗೆಸಿ ನೋಡಬೇಕು. ಧ್ವನಿತರಂಗದ ಪರೀಕ್ಷೆಯಲ್ಲಿ ಪಿಂಡ ಊದಿರುವುದು ತಿಳಿಯುತ್ತದೆಯಾದರೂ ನಾಳದ ನಡುವಿನ ಕಲ್ಲು ಕಣ್ಣು ತಪ್ಪಿಸಬಹುದು. ಸಾದಾ ಕ್ಷ-ಕಿರಣದ ಚಿತ್ರದಲ್ಲಿ ಯೂರಿಕ್ ಆಮ್ಲದ ಕಲ್ಲು ಬೀಳುವುದೇ ಇಲ್ಲ. ಸಿ.ಟಿ. ಸ್ಕ್ಯಾನಿಗೆ ಹೆಚ್ಚುಕಡಮೆ ಎಲ್ಲ ಬಗೆಯ ಕಲ್ಲುಗಳೂ ಸಿಕ್ಕಿಬೀಳುತ್ತವೆ.

ಕಲ್ಲು ತೆಗೆಯುವ ವಿದ್ಯೆ ಹಳೆಯದು. ಸುಶ್ರುತಸಂಹಿತೆಯಲ್ಲಿ ಅಶ್ಮರಿಯ ನಿದಾನವೂ ಉಂಟು, ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವೂ ಉಂಟು. ಕೊಯ್ಯುವ ಮುನ್ನ ಒಡೆಯನ ಅಪ್ಪಣೆ ಕೇಳಬೇಕೆಂಬುದು ಅಲ್ಲಿಯ ವಿಧಿ. ಕೊಯ್ಯದಿದ್ದರೆ ಸಾವು ಖಂಡಿತ, ಕೊಯ್ದರೆ ಸಂಶಯ ಎಂಬ ಕಾರಣದಿಂದ. ಗ್ರೀಸಿನ ಹಿಪ್ಪೊಕ್ರೆಟಿಸನ ಹೆಸರಿನ ವೈದ್ಯಪ್ರತಿಜ್ಞೆಯಲ್ಲಂತೂ ಕಲ್ಲಿನ ರೋಗಿಯನ್ನು ಕೊಯ್ಯುವುದಿಲ್ಲ, ಆ ಕೆಲಸ ಬಲ್ಲವರಿಗೆ ಬಿಡುತ್ತೇನೆ ಎಂಬ ಮಾತೇ ಇದೆ. ಅದೆಲ್ಲ ಮೂತ್ರಕೋಶದ ಮಾತು. ಬೆನ್ನಿನ ಆಳದಲ್ಲಿ ಕರುಳಿನ ಹಿಂದೆ ಅಡಗಿರುವ ನಾಳವನ್ನು ಮುಟ್ಟುವ ಧೈರ್ಯ, ಅರಿವಳಿಕೆಯೂ ಕ್ರಿಮಿನಾಶಕಗಳೂ ಬಂದ ಮೇಲಿನದು. ಆಮೇಲೂ ನೂರು ವರ್ಷದ ಹತ್ತಿರ, ಪಕ್ಕೆಯಲ್ಲಿ ಗೇಣುದ್ದ ಸೀಳದೆ ದಾರಿಯಿರಲಿಲ್ಲ. ಹಾಗೆ ಕೊಯ್ಸಿಕೊಂಡವರು ವಾರಗಟ್ಟಲೆ ಹಾಸಿಗೆ ಹಿಡಿದು, ತಿಂಗಳುಗಟ್ಟಲೆ ಕೊಡ ಎತ್ತಲಾರದೆ ಇದ್ದುದನ್ನು ನಿಮ್ಮಲ್ಲಿ ವಯಸ್ಸಾದವರು ಕಂಡಿರಬಹುದು. ಈಗ ಕೇಳಿಬರುವ ‘ಕಿರುಗಾಯದ ಶಸ್ತ್ರಚಿಕಿತ್ಸೆ’ ಎಂಬ ಕಲ್ಪನೆಗೆ ಇಂಗ್ಲಿಷಿನಲ್ಲಿ ಹೆಸರಿಟ್ಟವರು ಜಾನ್ ವಿಕ್‌ಹ್ಯಾಮ್ ಎಂಬ ಇಂಗ್ಲೆಂಡಿನ ಮೂತ್ರಾಂಗತಜ್ಞರು. ಹೆಸರು ಮೂತ್ರಾಂಗದ ವೈದ್ಯರಿಂದಲೇ ಬಂದುದರಲ್ಲಿ ಆಶ್ಚರ್ಯವಿಲ್ಲ; ಗಾಯವಿಲ್ಲದೆ ಒಳಹೊಗಲು ಪ್ರಕೃತಿಯೇ ತೆರೆದಿಟ್ಟ ದಾರಿ ಅವರ ಪಾಲಿಗೆ ಇತ್ತಷ್ಟೆ.

ಇಂದು ದೊಡ್ಡ ಕಲ್ಲನ್ನು ಸಮೀಪಿಸಲು ನಾಲ್ಕು ದಿಕ್ಕುಗಳುಂಟು. ಹೊರಗಿನಿಂದಲೇ ಬಡಿಯುವುದು ಒಂದು. ಜರ್ಮನಿಯ ಡೋರ್ನಿಯೆ ಎಂಬ ವಿಮಾನ ತಯಾರಕರು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹದಲ್ಲಿ ಗುಂಡಿ ಬೀಳುವುದೇಕೆಂದು ಶೋಧಿಸುತ್ತಿದ್ದರು. ಆ ಆಘಾತತರಂಗದ ವಿದ್ಯೆಯೇ ಕಲ್ಲು ಒಡೆಯಲು ಒದಗಿತು. 1980ರ ಫೆಬ್ರವರಿ 7ರಂದು ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯನ್ ಶೌಸಿ ಎಂಬ ವೈದ್ಯರು ನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಿದ ರೋಗಿಯ ಕಲ್ಲನ್ನು ಚರ್ಮಕ್ಕೆ ಒಂದು ಗೀರೂ ಬೀಳದಂತೆ ಮೊದಲ ಸಲ ಒಡೆದರು. ಬಹು ಸೊಗಸಾದ ಉಪಾಯ. ಆದರೆ ನಮ್ಮ ಮೇಷ್ಟರಿಗೆ ಅದು ಸಲ್ಲಲಿಲ್ಲ. ಕಲ್ಲು ದೊಡ್ಡದೂ ಗಟ್ಟಿಯೂ ಆಗಿ ಗೋಡೆಗೆ ಕಚ್ಚಿಕೊಂಡಿದ್ದರೆ, ಒಡೆದ ಚೂರು ಸರಿದುಹೋಗಲು ಸುತ್ತಲೂ ನೀರಿನ ಎಡೆಯೇ ಇರುವುದಿಲ್ಲ. ಎರಡು ಮೂರು ಬಾರಿ ಬಡಿಸಿಕೊಂಡೂ ಕಲ್ಲು ಅಲ್ಲಿಯೇ ಇರುವ ಸಂಭವ ಹೆಚ್ಚು.

ಎರಡನೆಯ ದಿಕ್ಕು ಕೆಳಗಿನಿಂದ ಮೇಲಕ್ಕೆ. ಮೂತ್ರಮಾರ್ಗದಿಂದ ಮೂತ್ರಕೋಶಕ್ಕೆ, ಅಲ್ಲಿಂದ ನಾಳದ ಬಾಯಿಗೆ, 2–3 ಮಿಲಿಮೀಟರು ದಪ್ಪದ ದರ್ಶಕನಳಿಗೆಯನ್ನು ತೂರಿಸುತ್ತಾರೆ. ಇದಕ್ಕೂ ಒಂದು ಪುಟ್ಟ ಇತಿಹಾಸವುಂಟು. 1912ರಲ್ಲಿ ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬುವರು ಒಂದು ಮಗುವಿನ ಮೂತ್ರಕೋಶವನ್ನು ನೋಡುತ್ತಿದ್ದಾಗ, ಬೇರೊಂದು ತಡೆಯಿಂದ ನಾಳ ಅಸಹಜವಾಗಿ ಅಗಲವಾಗಿದ್ದುದರಿಂದ, ಅವರ ದರ್ಶಕ ಅದರೊಳಕ್ಕೇ ಹೋಯಿತು. 1980ರಲ್ಲಿ ಸ್ಪೇನಿನ ಪೆರೆಸ್-ಕಾಸ್ತ್ರೋ ಎಂಬುವರು ಈ ಕೆಲಸಕ್ಕೆಂದೇ ಮಾಡಿಸಿದ ಉದ್ದನೆಯ ದರ್ಶಕವನ್ನು ಬಳಸಿದರು. ದಾರಿ ಸಿಕ್ಕಿತು, ಆದರೆ ಅಷ್ಟು ಇಕ್ಕಟ್ಟಿನಲ್ಲಿ ಕಲ್ಲನ್ನು ಒಡೆಯುವುದೆಂತು? 1990ರ ದಶಕದಲ್ಲಿ ಹೋಲ್ಮಿಯಂ ಲೇಸರು ಬಂದು ಆ ತೊಡಕನ್ನು ಬಿಡಿಸಿತು. ಹೋಲ್ಮಿಯಂ ಒಂದು ಲೋಹ. ಸ್ಟಾಕ್‌ಹೋಮ್ ನಗರದ ಲ್ಯಾಟಿನ್ ಹೆಸರಿನಿಂದ ಬಂದ ಮಾತು. ಅದರಿಂದ ಹೊರಡುವ ಬೆಳಕು ಕಣ್ಣಿಗೆ ಕಾಣದು. ಅದರ ಗುಣವೇನೆಂದರೆ, ನೀರು ಅದನ್ನು ಅರ್ಧ ಮಿಲಿಮೀಟರಿನೊಳಗೇ ಹೀರಿಬಿಡುತ್ತದೆ. ಕಾಲು ಮಿಲಿಮೀಟರಿನಷ್ಟು ತೆಳ್ಳಗಿರುವ ಗಾಜಿನ ಎಳೆಯ ತುದಿಯನ್ನು ಕಲ್ಲಿಗೆ ಮುಟ್ಟಿಸಿದರೆ ಕಲ್ಲು ಸುಟ್ಟು ಪುಡಿಯಾಗುತ್ತದೆ. ಒಂದೆರಡು ಮಿಲಿಮೀಟರು ಆಚೆ, ನೀರಿನ ಮರೆಯಲ್ಲಿರುವ ನಾಳದ ಗೋಡೆ ಉಳಿಯುತ್ತದೆ. ಕೈ ತಪ್ಪಿ ಗೋಡೆಗೇ ಮುಟ್ಟಿಸಿದರೆ ಮಾತ್ರ ತೂತು ಬೀಳುವುದು ಸುಳ್ಳಲ್ಲ. ಈಚೆಗೆ ಥೂಲಿಯಂ ಎಂಬ ಲೋಹದ ಲೇಸರೂ ಬಳಕೆಗೆ ಬಂದಿದೆ. ಅದು ಕಲ್ಲನ್ನು ಇನ್ನೂ ನುಣ್ಣಗೆ, ಧೂಳಿನಂತೆ ಮಾಡುತ್ತದೆ. ನಾಳದ ಕೆಳಭಾಗದಲ್ಲಿ ಕಲ್ಲು ಎಷ್ಟೇ ದೊಡ್ಡದಿರಲಿ, ಹೆಚ್ಚಾಗಿ ಈ ದಾರಿಯೇ ಉತ್ತಮವೆನ್ನುತ್ತಾರೆ. ಮೇಲ್ಭಾಗದಲ್ಲಿಯೂ ಇದನ್ನು ಮಾಡುತ್ತಾರೆ. ಅಲ್ಲಿ ಒಂದು ಕಿರುಕುಳವುಂಟು: ನೀರು ಬಿಟ್ಟಾಗ, ಲೇಸರು ಬಡಿದಾಗ ಕಲ್ಲು ಹಿಂದಕ್ಕೆ ಚಿಮ್ಮಿ ಪಿಂಡದೊಳಗೆ ಓಡಿಬಿಡಬಹುದು. ಕಳ್ಳನನ್ನು ಓಣಿಯಲ್ಲಿ ಹಿಡಿಯಹೋದರೆ ಅವನು ಮಾಳಿಗೆ ಹತ್ತಿದಂತೆ. ಆಗ ಬಾಗುವ ದರ್ಶಕದಿಂದ ಅವನನ್ನು ಹುಡುಕಬೇಕು.

ಮೂರನೆಯದು ಮೇಲಿನಿಂದ ಕೆಳಕ್ಕೆ. ಬೆನ್ನಿನ ಚರ್ಮದಿಂದ ಊದಿದ ಪಿಂಡದೊಳಕ್ಕೆ ಸೂಜಿ ಚುಚ್ಚಿ, ಆ ದಾರಿಯನ್ನೇ ಕಿರುಬೆರಳಿನಷ್ಟೋ ಅದಕ್ಕಿಂತ ಕಡಮೆಯೋ ಹಿಗ್ಗಿಸಿ, ದರ್ಶಕವನ್ನು ಇಳಿಸಿ, ಕಲ್ಲನ್ನು ಹಿಂದಿನಿಂದ ಹಿಡಿಯುವುದು. ಈ ಬಗೆಯಲ್ಲಿ ಪಿಂಡದ ಕಲ್ಲು ತೆಗೆದುದನ್ನು 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್ ಪ್ರಕಟಿಸಿದರು. ನಾಳದ ಮೇಲ್ಭಾಗದಲ್ಲಿ ಕಚ್ಚಿಕೊಂಡ ದೊಡ್ಡ ಕಲ್ಲಿಗೂ ಇದು ಸಲ್ಲುತ್ತದೆ. ರಕ್ತಸ್ರಾವದ ಭಯವೊಂದನ್ನು ಗಮನದಲ್ಲಿಡಬೇಕು.

ನಾಲ್ಕನೆಯದು ಪಕ್ಕದಿಂದ. ಇದರ ಚರಿತ್ರೆಯಲ್ಲಿ ಮುಂಬಯಿಯ ಒಬ್ಬ ವೈದ್ಯರ ಕೈವಾಡ ಇರುವುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಹೊಟ್ಟೆಯಲ್ಲಿ ಗಾಳಿ ತುಂಬಿ, ಸಣ್ಣ ರಂಧ್ರಗಳಿಂದ ದರ್ಶಕವನ್ನೂ ಉಪಕರಣಗಳನ್ನೂ ತೂರಿಸಿ ಶಸ್ತ್ರಚಿಕಿತ್ಸೆ ಮಾಡುವ ಕ್ರಮ ನಿಮಗೆ ತಿಳಿದಿದೆ. ಲ್ಯಾಪರೋಸ್ಕೋಪಿ ಎಂಬ ಹೆಸರು ಈಗ ಊರೂರಿನ ಫಲಕಗಳಲ್ಲಿ ಕಾಣುತ್ತದೆ. ಆದರೆ ಮೂತ್ರನಾಳ ಇರುವುದು ಕರುಳಿನ ಚೀಲದ ಹೊರಗೆ, ಹಿಂಬದಿಯಲ್ಲಿ. ಅಲ್ಲಿ ಗಾಳಿ ತುಂಬಲು ಬರಿದಾದ ಪೊಟರೆಯೇ ಇಲ್ಲ. ಎಲ್ಲ ಕೊಬ್ಬು, ನಾರು. ವಿಕ್‌ಹ್ಯಾಮ್ 1979ರಲ್ಲಿ ಹಿಂಬದಿಯಿಂದ ಒಂದು ಕಲ್ಲನ್ನು ತೆಗೆದರಾದರೂ, ಎಡೆ ಸಾಲದ್ದರಿಂದ ಆ ದಾರಿ ಬೆಳೆಯಲಿಲ್ಲ. ಮುಂಬಯಿಯ ಡಾ. ಡಿ. ಡಿ. ಗೌರ್ ಇದಕ್ಕೊಂದು ಉಪಾಯ ಕಂಡುಹಿಡಿದು 1992ರಲ್ಲಿ ಪ್ರಕಟಿಸಿದರು. ಉಪಕರಣವೇನು ಗೊತ್ತೆ? ಶಸ್ತ್ರವೈದ್ಯರು ಕೈಗೆ ಹಾಕಿಕೊಳ್ಳುವ ರಬ್ಬರಿನ ಗವಸು, ಅದನ್ನು ಕಟ್ಟಲು ಒಂದು ರಬ್ಬರು ನಳಿಗೆ, ಗಾಳಿ ಒತ್ತಲು ರಕ್ತದೊತ್ತಡ ನೋಡುವ ಯಂತ್ರದ ಬುರುಡೆ. ಪಕ್ಕೆಯ ಸಣ್ಣ ರಂಧ್ರದಿಂದ ಗವಸನ್ನು ಒಳಗಿಟ್ಟು ಊದಿದರೆ ಅದು ಬಲೂನಿನಂತೆ ಉಬ್ಬಿ, ಕೊಬ್ಬನ್ನು ಮೆಲ್ಲಗೆ ಸರಿಸಿ, ನಾಳದ ಸುತ್ತ ಒಂದು ಕೋಣೆಯನ್ನೇ ಮಾಡಿಕೊಡುತ್ತದೆ. ಕರುಳಿನ ಚೀಲ ಹರಿಯುವುದಿಲ್ಲ. ಜಾತ್ರೆಯ ಬಲೂನಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ದೇಶವಿದೇಶಗಳ ತಜ್ಞರು ಇದನ್ನು ಅನುಸರಿಸಿದರು. ವಿಜ್ಞಾನವೆಂದರೆ ಕೋಟಿಯ ಯಂತ್ರ ಎಂದು ತಿಳಿದಿರುವ ನನ್ನ ತರಗತಿಯ ಹುಡುಗರಿಗೆ ಈ ಕಥೆಯನ್ನು ಎರಡು ಸಲ ಹೇಳಿದ್ದೇನೆ.

ಕೋಣೆಯಾದ ಮೇಲಿನ ಕೆಲಸ ಹೀಗೆ: ಉಬ್ಬಿನಿಂದ ಕಲ್ಲಿನ ಜಾಗವನ್ನು ಗುರುತಿಸುತ್ತಾರೆ, ಅದು ಮೇಲಕ್ಕೆ ಜಾರದಂತೆ ನಾಳವನ್ನು ಇಕ್ಕಳದಲ್ಲಿ ಹಿಡಿಯುತ್ತಾರೆ, ಕಲ್ಲಿನ ನೇರಕ್ಕೆ ಉದ್ದುದ್ದವಾಗಿ ಸೀಳಿ ಅದನ್ನು ಇಡಿಯಾಗಿ ಎತ್ತುತ್ತಾರೆ, ಒಳಗೆ ಮೆದುನಳಿಗೆಯೊಂದನ್ನಿಟ್ಟು ಹೊಲಿಯುತ್ತಾರೆ. ಪಕ್ಕೆಯ ಮೇಲೆ ಉಳಿಯುವುದು ಮೂರು ನಾಲ್ಕು ಸಣ್ಣ ಗಾಯಗಳು. ಒಂದೇ ಸಲಕ್ಕೆ ಪೂರ್ತಿ ಕಲ್ಲು ಹೊರಬರುವುದು ಇದರ ಹಿರಿಮೆ. ಕೆಲವರಿಗೆ ಹೊಲಿಗೆಯಿಂದ ಕೆಲವು ದಿನ ಮೂತ್ರ ಒಸರುವುದು, ಮುಂದೆ ಆ ಜಾಗ ಸಂಕುಚಿತವಾಗುವುದು ಇದರ ಕುಂದು. ಹೊಲಿಗೆಯಲ್ಲಿ ಪಳಗಿದ ಕೈ ಬೇಕು. ಆದ್ದರಿಂದ ‘ಯಾವುದು ಒಳ್ಳೆಯದು?’ ಎಂದು ಕೇಳುವುದಕ್ಕಿಂತ ‘ನಿಮ್ಮಲ್ಲಿ ಯಾವುದನ್ನು ಹೆಚ್ಚಾಗಿ ಮಾಡುತ್ತೀರಿ?’ ಎಂದು ವೈದ್ಯರನ್ನು ಕೇಳುವುದು ಜಾಣತನ.

ಇಲ್ಲೊಂದು ಎಚ್ಚರಿಕೆ. ಕಲ್ಲಿನ ನೋವಿನ ಜೊತೆಗೆ ಚಳಿಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ. ಕಟ್ಟಿದ ನೀರಿನಲ್ಲಿ ಕೀವು ಸೇರಿದೆಯೆಂದು ಅದರ ಅರ್ಥ. ವಿಷ ರಕ್ತಕ್ಕೆ ಏರಿದರೆ ಪ್ರಾಣಕ್ಕೇ ಮುಳುವು. ಆಗ ವೈದ್ಯರು ಕಲ್ಲಿನ ಗೊಡವೆಗೆ ಹೋಗುವುದಿಲ್ಲ. ಕೆಳಗಿನಿಂದ ನಳಿಗೆ ಹಾಕಿಯೋ ಬೆನ್ನಿನಿಂದ ಚುಚ್ಚಿಯೋ ಮೊದಲು ಕಟ್ಟಿದ್ದನ್ನು ಹರಿಯಬಿಡುತ್ತಾರೆ, ಕಲ್ಲು ಆಮೇಲೆ. “ಕಲ್ಲು ತೆಗೆಯಲಿಲ್ಲ, ಬರಿಯ ನಳಿಗೆ ಹಾಕಿ ಹಣ ತೆಗೆದುಕೊಂಡರು” ಎಂದು ಆ ಹೊತ್ತಿನಲ್ಲಿ ಜಗಳಕ್ಕೆ ನಿಲ್ಲುವ ಬಂಧುಗಳನ್ನು ನಾನು ಕಂಡಿದ್ದೇನೆ.

ಮೇಷ್ಟರಿಗೆ ಪಕ್ಕದಿಂದಲೇ ತೆಗೆದರು. ನಾಲ್ಕನೆಯ ದಿನ ಮನೆಗೆ ಬಂದರು. ಕಲ್ಲನ್ನು ಪುಟ್ಟ ಸೀಸೆಯಲ್ಲಿ ಹಾಕಿ ಕೊಟ್ಟಿದ್ದರು. ಎಲ್ಲವೂ ಸುಖಾಂತವೆಂದುಕೊಂಡೆವು. ಆದರೆ ಹೊಲಿಗೆ ಮಾಯುವವರೆಗೆ ಆಸರೆಗೆಂದು ಒಳಗಿಟ್ಟ ಮೆದುನಳಿಗೆ ಇತ್ತಲ್ಲ, ಅದರ ಕಥೆ ಉಳಿದಿತ್ತು. ಸುಮಾರು 2 ಮಿಲಿಮೀಟರು ದಪ್ಪ, ಗೇಣಿಗಿಂತ ಸ್ವಲ್ಪ ಉದ್ದ. ಮೇಲಿನ ತುದಿ ಪಿಂಡದಲ್ಲಿ, ಕೆಳಗಿನ ತುದಿ ಮೂತ್ರಕೋಶದಲ್ಲಿ ಕೊಕ್ಕೆಯಂತೆ ಸುರುಳಿಗೊಂಡು ಜಾರದೆ ನಿಲ್ಲುತ್ತದೆ. ಇಂಗ್ಲಿಷಿನ ‘ಜೆ’ ಅಕ್ಷರದಂತೆ ಎರಡು ತುದಿಯೂ ಬಾಗಿರುವುದರಿಂದ ‘ಡಬಲ್ ಜೆ’. ಅಮೆರಿಕದ ಫಿನ್ನಿ ಎಂಬ ವೈದ್ಯರು 1978ರಲ್ಲಿ ಇದನ್ನು ವಿವರಿಸಿದರು. ಇದು ಒಳಗಿರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಅವಸರ, ಉರಿ, ಒಮ್ಮೊಮ್ಮೆ ರಕ್ತದ ಬಣ್ಣ. ಕೆಲವು ವಾರಗಳಲ್ಲಿ ತೆಗೆಸಬೇಕು. ತಿಂಗಳುಗಟ್ಟಲೆ ಬಿಟ್ಟರೆ ನಳಿಗೆಯ ಮೇಲೆಯೇ ಕಲ್ಲು ಹೆಪ್ಪುಗಟ್ಟುತ್ತದೆ.

ಮೇಷ್ಟರಿಗೆ ಕೊಟ್ಟ ಬಿಡುಗಡೆಯ ಚೀಟಿಯಲ್ಲಿ, ಎರಡನೆಯ ಪುಟದ ಕೆಳಗೆ, ಇಂಗ್ಲಿಷಿನ ಬಿಡಿಯಕ್ಷರಗಳಲ್ಲಿ ‘ಡಿ.ಜೆ.’ ಎಂದು ಬರೆದು ಆರು ವಾರವೆಂದು ಸೂಚಿಸಿದ್ದರಂತೆ. ಡಿ.ಜೆ. ಎಂದರೆ ನಮ್ಮೂರಿನಲ್ಲಿ ಗಣಪತಿಯ ಮೆರವಣಿಗೆಯ ಮುಂದೆ ಕಿವಿ ಕಿವುಡಾಗುವಂತೆ ಬಾರಿಸುವ ಪೆಟ್ಟಿಗೆ! ಒಡಲೊಳಗೊಂದು ಡಿ.ಜೆ. ಇದೆಯೆಂದು ಯಾರಿಗೆ ಹೊಳೆಯಬೇಕು? ಬಾಯಲ್ಲಿಯೂ ಯಾರೂ ತಿಳಿಯಹೇಳಲಿಲ್ಲ. ಹೇಳಿದ್ದರೂ ಅರಿವಳಿಕೆಯ ಮಂಪರಿನಲ್ಲಿ ಕೇಳಿಸಿರಲಾರದು. ಉರಿಯನ್ನು ಅವರು ಗಾಯ ಮಾಯುವ ಲಕ್ಷಣವೆಂದುಕೊಂಡರು. ಎಂಟು ತಿಂಗಳ ಮೇಲೆ ಮೂತ್ರದಲ್ಲಿ ರಕ್ತ ಕಂಡು ಹೋದರೆ, ನಳಿಗೆಯ ಎರಡು ತುದಿಗಳೂ ಸುಣ್ಣದ ಕೋಲಿನಂತಾಗಿದ್ದವು. ಐದು ನಿಮಿಷದಲ್ಲಿ, ಬರಿಯ ಮರಗಟ್ಟಿಸುವ ಮದ್ದು ಹಾಕಿ ಎಳೆದು ತೆಗೆಯಬಹುದಾಗಿದ್ದ ವಸ್ತುವಿಗೆ ಮತ್ತೊಮ್ಮೆ ಅರಿವಳಿಕೆ, ಮತ್ತೆ ದರ್ಶಕ, ಮತ್ತೆ ಹೋಲ್ಮಿಯಂ ಲೇಸರು.

ಈ ಸಲ ಬಿಡುಗಡೆಯಾಗುವಾಗ ನಾನೂ ಜೊತೆಗಿದ್ದೆ. ಪಿಂಡದ ಊತ ಇಳಿಯುವವರೆಗೆ ಇನ್ನೊಂದು ನಳಿಗೆಯನ್ನು ಹಾಕಿದ್ದರು. ಚೀಟಿಯನ್ನು ಹಿಡಿದುಕೊಂಡು ನಾನು ತರುಣ ವೈದ್ಯರ ಬಳಿಗೆ ಹೋಗಿ, “ಸ್ವಾಮಿ, ಇದರ ಕೆಳಗೆ ಕನ್ನಡದಲ್ಲಿ ಒಂದು ವಾಕ್ಯ ಬರೆದುಕೊಡಿ” ಎಂದೆ. ಅವರು ಸ್ವಲ್ಪ ಯೋಚಿಸಿ, ‘ನಿಮ್ಮ ಎಡಗಡೆಯ ಮೂತ್ರನಾಳದಲ್ಲಿ ಒಂದು ನಳಿಗೆಯಿದೆ, ಮೂರು ವಾರದ ಮೇಲೆ ಸೋಮವಾರ ಬಂದು ತೆಗೆಸಿಕೊಳ್ಳಿ’ ಎಂದು ಬರೆದರು. ‘ನಳಿಗೆ’ ಎಂಬಲ್ಲಿ ಳಕಾರಕ್ಕೆ ಲಕಾರ ಬಿದ್ದಿತ್ತು. ತಿದ್ದಲು ಕೈ ತುರಿಸಿತು, ಸುಮ್ಮನಾದೆ. ಮೇಷ್ಟರ ಮನೆಯಾಕೆ ಆ ಚೀಟಿಯನ್ನು ಗೋಡೆಯ ತೂಗುಪಂಚಾಂಗಕ್ಕೆ ಸೂಜಿಯಿಂದ ಚುಚ್ಚಿ, ಆ ಸೋಮವಾರಕ್ಕೆ ಕುಂಕುಮದ ಬೊಟ್ಟಿಟ್ಟರು. ಅದು ಏಕಾದಶಿಯೂ ಆಗಿತ್ತು. ಉಪವಾಸವಿದ್ದುಕೊಂಡೇ ಮೇಷ್ಟರು ಬೆಳಗಿನ ಮೊದಲ ಬಸ್ಸಿಗೆ ಹೊರಟರು. ಮಧ್ಯಾಹ್ನದ ಮೂರನೆಯ ಗಂಟೆಗೆ ಬಂದು ಹತ್ತನೆಯ ತರಗತಿಗೆ ವೃತ್ತದ ಪ್ರಮೇಯವನ್ನು ಪಾಠ ಮಾಡಿದರು.